ನಾಲ್ಕು ಚಕ್ರ ಚಾಲನೆಯ ರೇಡಿಯೊ ನಿಯಂತ್ರಿತ ರೇಸಿಂಗ್ ಟ್ರಕ್‌ನ ಹೊಂದಾಣಿಕೆ

ನಾಲ್ಕು ಚಕ್ರ ಚಾಲನೆಯ ರೇಡಿಯೊ ನಿಯಂತ್ರಿತ ರೇಸಿಂಗ್ ಟ್ರಕ್‌ನ ಹೊಂದಾಣಿಕೆ ಎಂದರೆ ದೂರನಿಯಂತ್ರಕದ ಮೂಲಕ ಓಡಿಸುವ ಕಿರುಗಾತ್ರದ ಸ್ಪರ್ಧಾ ಟ್ರಕ್‌ನ ಟೈರು, ಸಸ್ಪೆನ್ಷನ್, ಡಿಫರೆನ್ಷಿಯಲ್, ಗೇರ್ ಅನುಪಾತ ಮತ್ತು ವಿದ್ಯುನ್ಮಾನ ಭಾಗಗಳನ್ನು ಓಟದ ನೆಲಕ್ಕೂ ಹವೆಗೂ ಚಾಲಕನ ರೂಢಿಗೂ ತಕ್ಕಂತೆ ಸರಿಪಡಿಸುವ ಕ್ರಮ. ಹವ್ಯಾಸಿಗಳಲ್ಲಿ ಇದು "ಸೆಟಪ್" ಎಂಬ ಹೆಸರಿನಿಂದ ಪರಿಚಿತವಾಗಿದೆ. ಒಂದೇ ಮಾದರಿಯ, ಒಂದೇ ಮೋಟಾರಿನ ಎರಡು ಟ್ರಕ್‌ಗಳ ಪೈಕಿ ಒಂದು ತಿರುವಿನಲ್ಲಿ ಸ್ಥಿರವಾಗಿ ಸಾಗಿ, ಇನ್ನೊಂದು ಪಲ್ಟಿಯಾಗುವುದಕ್ಕೆ ಬಹುಪಾಲು ಈ ಹೊಂದಾಣಿಕೆಯ ವ್ಯತ್ಯಾಸವೇ ಕಾರಣ.

## ಹಿನ್ನೆಲೆ

ಜಪಾನಿನ ತಮಿಯಾ ಸಂಸ್ಥೆಯು 1976ರಲ್ಲಿ 1:12 ಪ್ರಮಾಣದ ಪೋರ್ಷೆ 934 ಮಾದರಿಯನ್ನು ಹೊರತಂದ ನಂತರ ವಿದ್ಯುತ್ ಚಾಲಿತ ರೇಡಿಯೊ ಕಾರುಗಳ ಹವ್ಯಾಸವು ಜನಪ್ರಿಯವಾಯಿತು. ಅದೇ ಸಂಸ್ಥೆಯ ನಾಲ್ಕು ಚಕ್ರ ಚಾಲನೆಯ ಬಗ್ಗಿಯಾದ ಹಾಟ್‌ಶಾಟ್ 1985ರಲ್ಲಿ ಬಂದಿತು. 1:10 ಪ್ರಮಾಣದ ಆಫ್‌ರೋಡ್ ಕಾರುಗಳ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕೂಡ 1985ರಲ್ಲೇ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆಯಿತು. ಅಮೆರಿಕದ ಮಣ್ಣಿನ ಅಂಕಣಗಳಲ್ಲಿ ಓಡುವ ನೈಜ ರೇಸಿಂಗ್ ಟ್ರಕ್‌ಗಳನ್ನು ಹೋಲುವ "ಶಾರ್ಟ್ ಕೋರ್ಸ್" ವರ್ಗವು 2008ರಲ್ಲಿ ಟ್ರಾಕ್ಸಾಸ್ ಸ್ಲಾಶ್ ಮಾದರಿಯೊಂದಿಗೆ ಪ್ರಚಾರಕ್ಕೆ ಬಂದಿತು. ಕೆಲವೇ ವರ್ಷಗಳಲ್ಲಿ ಈ ವರ್ಗದ ನಾಲ್ಕು ಚಕ್ರ ಚಾಲನೆಯ ಟ್ರಕ್‌ಗಳೂ ಮಾರುಕಟ್ಟೆಗೆ ಬಂದವು.

ಇಂದಿನ ನಿಯಂತ್ರಕಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ತರಂಗಾಂತರ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಭಾರತದಲ್ಲಿ ಈ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳಿಗೆ 2005ರಲ್ಲಿ ಪರವಾನಗಿಯಿಂದ ವಿನಾಯಿತಿ ನೀಡಲಾಯಿತು.

## ರಚನೆ

1:10 ಪ್ರಮಾಣದ ಇಂತಹ ಟ್ರಕ್ ಬ್ಯಾಟರಿ ಸಹಿತ ಸುಮಾರು 2.5ರಿಂದ 3 ಕಿಲೋಗ್ರಾಂ ತೂಗುತ್ತದೆ. ಬ್ರಷ್‌ರಹಿತ ಮೋಟಾರಿನ ಕಿರುಗೇರ್ (ಪಿನಿಯನ್) ದೊಡ್ಡ ಗೇರ್ (ಸ್ಪರ್) ಅನ್ನು ತಿರುಗಿಸುತ್ತದೆ. ಅಲ್ಲಿಂದ ಶಕ್ತಿಯು ಮಧ್ಯದ ಡಿಫರೆನ್ಷಿಯಲ್ ಮೂಲಕ ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್‌ಗಳಿಗೆ, ಕೊನೆಗೆ ನಾಲ್ಕೂ ಚಕ್ರಗಳಿಗೆ ತಲುಪುತ್ತದೆ. ಕೆಲವು ಮಾದರಿಗಳಲ್ಲಿ ಮಧ್ಯದ ಡಿಫರೆನ್ಷಿಯಲ್ ಬದಲು ಜಾರುವ ಕ್ಲಚ್ ಇರುತ್ತದೆ. ಪ್ರತಿ ಚಕ್ರಕ್ಕೂ ಸ್ಪ್ರಿಂಗ್ ಹಾಗೂ ಸಿಲಿಕೋನ್ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್ ಜೋಡಿಸಿರುತ್ತದೆ.

ಕಿರುಗಾತ್ರದ ವಾಹನವು ದೊಡ್ಡ ವಾಹನದ ನೇರ ಪ್ರತಿರೂಪವಲ್ಲ. ಉದ್ದ, ಅಗಲ, ಎತ್ತರಗಳು ಹತ್ತನೆಯ ಒಂದಕ್ಕೆ ಇಳಿದರೂ ಗುರುತ್ವಾಕರ್ಷಣೆ ಇಳಿಯುವುದಿಲ್ಲ. ಆದ್ದರಿಂದ ಟ್ರಕ್‌ನ ಕುಪ್ಪಳಿಕೆ, ಓಲಾಟ, ಬೀಳುವಿಕೆಗಳೆಲ್ಲ ದೊಡ್ಡ ವಾಹನಕ್ಕಿಂತ ಸುಮಾರು 3.2 ಪಟ್ಟು (ಹತ್ತರ ವರ್ಗಮೂಲದಷ್ಟು) ಬೇಗ ನಡೆದುಹೋಗುತ್ತವೆ. ನೆಲವೂ ಕಿರಿದಾಗುವುದಿಲ್ಲ. ಮನುಷ್ಯನ ಕಣ್ಣಿಗೆ ಅಲ್ಪವೆನಿಸುವ 5 ಸೆಂಟಿಮೀಟರ್ ದಿಬ್ಬವು ಈ ಟ್ರಕ್‌ಗೆ ಅರ್ಧ ಮೀಟರ್ ದಿಬ್ಬಕ್ಕೆ ಸಮ. ಸಸ್ಪೆನ್ಷನ್‌ನ ಸಣ್ಣ ಬದಲಾವಣೆಯೂ ಓಟದಲ್ಲಿ ಎದ್ದು ಕಾಣುವುದು ಇದೇ ಕಾರಣದಿಂದ.

## ಹೊಂದಾಣಿಕೆಯ ಅಂಶಗಳು

### ಟೈರು

ನೆಲವನ್ನು ಮುಟ್ಟುವ ಏಕೈಕ ಭಾಗ ಟೈರು. ಅದು ನೆಲಕ್ಕೆ ಹೊಂದದಿದ್ದರೆ ಉಳಿದ ಯಾವ ಹೊಂದಾಣಿಕೆಯಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಸಡಿಲ ಧೂಳಿನ ನೆಲದಲ್ಲಿ ಉದ್ದ ಮುಳ್ಳುಗಳಿರುವ ಟೈರು ಮೇಲ್ಪದರವನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಹಿಡಿಯುತ್ತದೆ. ಗಟ್ಟಿಯಾಗಿ ಅಡಕವಾದ ನೆಲದಲ್ಲಿ ಒತ್ತೊತ್ತಾದ ಗಿಡ್ಡ ಮುಳ್ಳುಗಳು ಒಳ್ಳೆಯವು. ಅಲ್ಲಿ ಉದ್ದ ಮುಳ್ಳುಗಳು ಬಾಗಿ ಬೇಗ ಸವೆಯುತ್ತವೆ. ರಬ್ಬರ್ ಮೃದುವಾದಷ್ಟೂ ಹಿಡಿತ ಹೆಚ್ಚು, ಬಾಳಿಕೆ ಕಡಿಮೆ. ಟೈರಿನೊಳಗಿನ ಫೋಮ್ ಸುರುಳಿಯ ಗಡಸುತನವೂ ಹಿಡಿತವನ್ನು ಬದಲಿಸುತ್ತದೆ. ಒದ್ದೆ ನೆಲದಲ್ಲಿ ಓಡಿಸುವವರು ಗಾಲಿಯ ರಂಧ್ರಗಳನ್ನು ಮುಚ್ಚಿ, ಟೈರಿನ ಮೈಗೆ ಸಣ್ಣ ರಂಧ್ರ ಮಾಡುವುದುಂಟು. ಒಳಗೆ ಸೇರಿದ ನೀರು ತಿರುಗುವ ರಭಸಕ್ಕೆ ಆ ರಂಧ್ರದಿಂದ ಹೊರಚಿಮ್ಮುತ್ತದೆ.

### ನೆಲದಿಂದ ಎತ್ತರ

ಟ್ರಕ್ ಅನ್ನು ಬ್ಯಾಟರಿ ಸಹಿತ ಸುಮಾರು 15 ಸೆಂಟಿಮೀಟರ್ ಎತ್ತರದಿಂದ ಸಮತಟ್ಟಾದ ಮೇಜಿನ ಮೇಲೆ ಬಿಟ್ಟು, ಅದು ನಿಂತ ಮೇಲೆ ಚಾಸಿಸ್‌ನ ತಳಕ್ಕೂ ಮೇಜಿಗೂ ಇರುವ ಅಂತರವನ್ನು ಮುಂದೆ ಹಿಂದೆ ಎರಡೂ ಕಡೆ ಅಳೆಯಲಾಗುತ್ತದೆ. ಶಾರ್ಟ್ ಕೋರ್ಸ್ ಟ್ರಕ್‌ಗಳಲ್ಲಿ ಇದು ಸಾಮಾನ್ಯವಾಗಿ 24ರಿಂದ 30 ಮಿಲಿಮೀಟರ್. ನುಣುಪಾದ ನೆಲದಲ್ಲಿ ಕಡಿಮೆ ಎತ್ತರವು ಗುರುತ್ವ ಕೇಂದ್ರವನ್ನು ಇಳಿಸಿ ಪಲ್ಟಿಯಾಗುವುದನ್ನು ತಡೆಯುತ್ತದೆ. ಉಬ್ಬುತಗ್ಗಿನ ನೆಲದಲ್ಲಿ ತಳ ತಾಗದಂತೆ ಎತ್ತರ ಹೆಚ್ಚಿಸಬೇಕಾಗುತ್ತದೆ.

### ಸ್ಪ್ರಿಂಗ್ ಮತ್ತು ಶಾಕ್ ಎಣ್ಣೆ

ಯಾವ ತುದಿಯ ಸ್ಪ್ರಿಂಗ್ ಮೃದುವಾಗುತ್ತದೆಯೋ ಆ ತುದಿಯ ಹಿಡಿತ ಹೆಚ್ಚುತ್ತದೆ ಎಂಬುದು ಸಾಮಾನ್ಯ ನಿಯಮ. ಮುಂದಿನ ಸ್ಪ್ರಿಂಗ್ ಮೃದುವಾದರೆ ಟ್ರಕ್ ತಿರುವಿಗೆ ಹೆಚ್ಚು ಒಲಿಯುತ್ತದೆ. ಹಿಂದಿನದು ಮೃದುವಾದರೆ ಹಿಂಭಾಗ ಜಾರುವುದು ಕಡಿಮೆಯಾಗುತ್ತದೆ. ಎರಡನ್ನೂ ಅತಿಯಾಗಿ ಮೃದುಗೊಳಿಸಿದರೆ ವಾಹನ ಓಲಾಡಿ, ಜಿಗಿತದ ನಂತರ ತಳ ಬಡಿಯುತ್ತದೆ.

ಎಣ್ಣೆಯು ಸ್ಪ್ರಿಂಗ್‌ನ ಚಲನೆಯನ್ನು ನಿಧಾನಗೊಳಿಸುತ್ತದೆ. ಸಣ್ಣ ಸಣ್ಣ ಉಬ್ಬುಗಳಿರುವ ನೆಲದಲ್ಲಿ ತೆಳು ಎಣ್ಣೆ ಚಕ್ರವನ್ನು ಬೇಗ ಮೇಲೆ ಕೆಳಗೆ ಚಲಿಸಗೊಡುತ್ತದೆ. ದೊಡ್ಡ ಜಿಗಿತಗಳಿರುವ ಅಂಕಣದಲ್ಲಿ ದಪ್ಪ ಎಣ್ಣೆ ಬೇಕಾಗುತ್ತದೆ. ತಯಾರಕರು ಎಣ್ಣೆಯನ್ನು "ವೇಟ್" ಎಂಬ ಅಂಕಿಯಲ್ಲಿ ಗುರುತಿಸುವರಾದರೂ ಅದು ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ. ಸೆಂಟಿಸ್ಟೋಕ್ ಎಂಬ ಸ್ನಿಗ್ಧತೆಯ ಅಳತೆ ಹೆಚ್ಚು ನಂಬಲರ್ಹ. ಒಂದು ಪ್ರಚಲಿತ ಅಳತೆಪಟ್ಟಿಯಂತೆ 30 ವೇಟ್ ಎಂದರೆ 350, 35 ವೇಟ್ ಎಂದರೆ 425, 40 ವೇಟ್ ಎಂದರೆ 500 ಸೆಂಟಿಸ್ಟೋಕ್. ಸಿಲಿಕೋನ್ ಎಣ್ಣೆಯೂ ಬಿಸಿಯಾದಂತೆ ತೆಳುವಾಗುವುದರಿಂದ ಚಳಿಯ ಬೆಳಗ್ಗೆ ಸರಿಯೆನಿಸಿದ ಹೊಂದಾಣಿಕೆ ಮಧ್ಯಾಹ್ನದ ಬಿಸಿಲಿಗೆ ಮೆತ್ತಗೆನಿಸಬಹುದು.

### ಚಕ್ರದ ಕೋನಗಳು

* '''ಕ್ಯಾಂಬರ್:''' ಮುಂದಿನಿಂದ ನೋಡಿದಾಗ ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವುದು ಋಣ ಕ್ಯಾಂಬರ್. ತಿರುವಿನಲ್ಲಿ ವಾಹನ ಹೊರಕ್ಕೆ ವಾಲಿದಾಗ ಹೊರಚಕ್ರ ನೆಲಕ್ಕೆ ಸಪಾಟಾಗಿ ಕೂರಲು ಸಾಮಾನ್ಯವಾಗಿ 1ರಿಂದ 2 ಡಿಗ್ರಿ ಋಣ ಕ್ಯಾಂಬರ್ ಇಡಲಾಗುತ್ತದೆ. ಟೈರಿನ ಒಳ ಅಂಚು ಮಾತ್ರ ಸವೆಯುತ್ತಿದ್ದರೆ ಕೋನ ಹೆಚ್ಚಾಗಿದೆ ಎಂದರ್ಥ.
* '''ಟೋ:''' ಮೇಲಿನಿಂದ ನೋಡಿದಾಗ ಚಕ್ರಗಳ ಮುಂತುದಿಗಳು ಒಳಕ್ಕೆ ತಿರುಗಿದ್ದರೆ ಒಳ ಟೋ, ಹೊರಕ್ಕೆ ತಿರುಗಿದ್ದರೆ ಹೊರ ಟೋ. ಹಿಂಚಕ್ರಗಳಿಗೆ 2ರಿಂದ 3 ಡಿಗ್ರಿ ಒಳ ಟೋ ಇದ್ದರೆ ನೇರ ಓಟ ಸ್ಥಿರವಾಗುತ್ತದೆ. ಮುಂಚಕ್ರಗಳಿಗೆ ಅಲ್ಪ ಹೊರ ಟೋ ಇದ್ದರೆ ತಿರುವಿಗೆ ಬೇಗ ಸ್ಪಂದಿಸುತ್ತದೆ.
* '''ಕ್ಯಾಸ್ಟರ್:''' ಮುಂಚಕ್ರ ತಿರುಗುವ ಅಕ್ಷವು ಹಿಂದಕ್ಕೆ ವಾಲಿರುವ ಕೋನ. ಇದು ಹೆಚ್ಚಿದಂತೆ ನೇರ ಓಟದ ಸ್ಥಿರತೆ ಹೆಚ್ಚುತ್ತದೆ, ತಿರುವಿನ ಆರಂಭದ ಚುರುಕು ತಗ್ಗುತ್ತದೆ.

### ಡಿಫರೆನ್ಷಿಯಲ್ ಎಣ್ಣೆ

ನಾಲ್ಕು ಚಕ್ರ ಚಾಲನೆಯ ಟ್ರಕ್‌ನ ಸ್ವಭಾವವನ್ನು ಬಹುಮಟ್ಟಿಗೆ ನಿರ್ಧರಿಸುವ ಅಂಶ ಇದು. ತಿರುವಿನಲ್ಲಿ ಒಳಚಕ್ರಕ್ಕಿಂತ ಹೊರಚಕ್ರ ಹೆಚ್ಚು ದೂರ ಸಾಗಬೇಕು. ಈ ವ್ಯತ್ಯಾಸಕ್ಕೆ ಡಿಫರೆನ್ಷಿಯಲ್ ಅವಕಾಶ ಕೊಡುತ್ತದೆ. ಆದರೆ ಒಂದು ಚಕ್ರ ನೆಲ ಬಿಟ್ಟು ಮೇಲೆದ್ದರೆ ಶಕ್ತಿಯೆಲ್ಲ ಆ ಚಕ್ರಕ್ಕೇ ಹರಿದು ವ್ಯರ್ಥವಾಗುತ್ತದೆ. ಒಳಗೆ ತುಂಬಿದ ಸಿಲಿಕೋನ್ ಎಣ್ಣೆಯ ದಪ್ಪವು ಈ ಹರಿವಿಗೆ ತಡೆಯೊಡ್ಡುತ್ತದೆ. ಇಲ್ಲಿ ಬಳಸುವ ಎಣ್ಣೆ ಶಾಕ್ ಎಣ್ಣೆಗಿಂತ ಎಷ್ಟೋ ಪಟ್ಟು ದಪ್ಪ. ಮುಂದೆ 5000, ಮಧ್ಯದಲ್ಲಿ 5000ದಿಂದ 7000, ಹಿಂದೆ 3000 ಸೆಂಟಿಸ್ಟೋಕ್ ಎಂಬುದು ಹಲವರು ಪ್ರಯೋಗ ಆರಂಭಿಸುವ ಅಳತೆ.

ಮುಂದಿನ ಡಿಫರೆನ್ಷಿಯಲ್‌ನ ಎಣ್ಣೆ ದಪ್ಪವಾದರೆ ವೇಗ ಹೆಚ್ಚಿಸುವಾಗ ಮುಂಚಕ್ರಗಳು ವಾಹನವನ್ನು ತಿರುವಿನಿಂದ ಬಲವಾಗಿ ಎಳೆಯುತ್ತವೆ, ಆದರೆ ತಿರುವಿನ ಪ್ರವೇಶ ಮಂದವಾಗುತ್ತದೆ. ಹಿಂದಿನದು ತೆಳುವಾದರೆ ತಿರುವಿನಲ್ಲಿ ಅಡ್ಡ ಹಿಡಿತ ಹೆಚ್ಚುತ್ತದೆ. ಅತಿ ತೆಳುವಾದರೆ ಒಳಚಕ್ರ ಸುಮ್ಮನೆ ಸುತ್ತುತ್ತದೆ. ಮಧ್ಯದ ಡಿಫರೆನ್ಷಿಯಲ್‌ನಲ್ಲಿ ತೆಳು ಎಣ್ಣೆಯಿದ್ದಾಗ, ವೇಗೋತ್ಕರ್ಷದಲ್ಲಿ ಭಾರ ಕಳೆದುಕೊಂಡ ಮುಂಚಕ್ರಗಳು ರಭಸದಿಂದ ಸುತ್ತಿ ಟೈರುಗಳು ಬಲೂನಿನಂತೆ ಹಿಗ್ಗುತ್ತವೆ, ಮುನ್ನುಗ್ಗುವ ಬಲ ಸೋರಿಹೋಗುತ್ತದೆ. ದಪ್ಪ ಎಣ್ಣೆ ಹೆಚ್ಚು ಶಕ್ತಿಯನ್ನು ಹಿಂಚಕ್ರಗಳಿಗೆ ತಲುಪಿಸುತ್ತದೆ. ಆಗ ನೇರ ಓಟ ಬಿರುಸಾಗುತ್ತದೆ, ಆದರೆ ಜಾರು ನೆಲದಲ್ಲಿ ಹಿಂಭಾಗ ತಿರುಗಿ ನಿಲ್ಲುವ ಅಪಾಯವೂ ಹೆಚ್ಚುತ್ತದೆ.

### ಓಲಾಟ ತಡೆಯುವ ಸರಳು

ಎಡ ಮತ್ತು ಬಲ ಚಕ್ರಗಳ ಸಸ್ಪೆನ್ಷನ್‌ಗಳನ್ನು ಜೋಡಿಸುವ ತೆಳು ಉಕ್ಕಿನ ಸರಳು ತಿರುವಿನ ಓಲಾಟವನ್ನು ತಗ್ಗಿಸುತ್ತದೆ. ಹಿಂದಿನ ಸರಳು ದಪ್ಪವಾದರೆ ಹಿಂದಿನ ಹಿಡಿತ ತಗ್ಗಿ ಟ್ರಕ್ ಹೆಚ್ಚು ತಿರುಗುತ್ತದೆ. ಉಬ್ಬುತಗ್ಗಿನ ನೆಲದಲ್ಲಿ ಒಂದು ಚಕ್ರದ ಕುಲುಕು ಇನ್ನೊಂದಕ್ಕೂ ದಾಟುವುದರಿಂದ ಅಲ್ಲಿ ತೆಳು ಸರಳು, ಅಥವಾ ಸರಳೇ ಇಲ್ಲದಿರುವುದು ಉತ್ತಮ.

### ಗೇರ್ ಅನುಪಾತ ಮತ್ತು ಮೋಟಾರಿನ ಬಿಸಿ

ಒಟ್ಟು ಅನುಪಾತವು ಸ್ಪರ್ ಗೇರಿನ ಹಲ್ಲುಗಳನ್ನು ಪಿನಿಯನ್ ಹಲ್ಲುಗಳಿಂದ ಭಾಗಿಸಿ, ಡಿಫರೆನ್ಷಿಯಲ್‌ನ ಒಳ ಅನುಪಾತದಿಂದ ಗುಣಿಸಿದಾಗ ದೊರೆಯುತ್ತದೆ. ಉದಾಹರಣೆಗೆ ಸ್ಪರ್ 44, ಪಿನಿಯನ್ 14, ಒಳ ಅನುಪಾತ 4 ಆಗಿದ್ದರೆ ಒಟ್ಟು ಅನುಪಾತ 12.57. ಪ್ರತಿ ವೋಲ್ಟ್‌ಗೆ 4000 ಸುತ್ತು ತಿರುಗುವ ಮೋಟಾರು 7.4 ವೋಲ್ಟ್‌ನಲ್ಲಿ ನಿಮಿಷಕ್ಕೆ 29,600 ಸುತ್ತು ತಿರುಗುತ್ತದೆ. ಟೈರಿನ ವ್ಯಾಸ 110 ಮಿಲಿಮೀಟರ್ ಎಂದು ಹಿಡಿದರೆ, ಘರ್ಷಣೆ ಲೆಕ್ಕಿಸದೆ, ವೇಗ ಗಂಟೆಗೆ ಸುಮಾರು 49 ಕಿಲೋಮೀಟರ್. ಪಿನಿಯನ್‌ಗೆ ಒಂದೇ ಹಲ್ಲು ಸೇರಿಸಿ 15 ಮಾಡಿದರೆ ಅನುಪಾತ 11.73ಕ್ಕೆ ಇಳಿದು ವೇಗ ಸುಮಾರು 52 ಕಿಲೋಮೀಟರ್ ಆಗುತ್ತದೆ.

ಈ ಹೆಚ್ಚುವರಿ ವೇಗಕ್ಕೆ ತೆರಬೇಕಾದ ಬೆಲೆ ಬಿಸಿ. ದೊಡ್ಡ ಪಿನಿಯನ್ ಹಾಕಿದಷ್ಟೂ ಮೋಟಾರಿನ ಮೇಲಿನ ಹೊರೆ ಹಾಗೂ ಅದು ಸೆಳೆಯುವ ವಿದ್ಯುತ್ ಪ್ರವಾಹ ಏರುತ್ತವೆ. ಐದು ನಿಮಿಷಗಳ ಓಟದ ನಂತರ ಮೋಟಾರಿನ ಉಷ್ಣತೆ 70–80 ಡಿಗ್ರಿ ಸೆಲ್ಸಿಯಸ್ ಮೀರಿದರೆ ಪಿನಿಯನ್ ಚಿಕ್ಕದಾಗಿಸುವುದು ರೂಢಿ. ಅತಿಯಾದ ಬಿಸಿಯಿಂದ ಮೋಟಾರಿನ ಕಾಂತಗಳು ಶಾಶ್ವತವಾಗಿ ದುರ್ಬಲಗೊಳ್ಳುತ್ತವೆ.

### ಮೇಲ್ಕವಚ ಮತ್ತು ಜಿಗಿತ

ಶಾರ್ಟ್ ಕೋರ್ಸ್ ಟ್ರಕ್‌ನ ಅಗಲವಾದ ಪ್ಲಾಸ್ಟಿಕ್ ಮೇಲ್ಕವಚವು ಜಿಗಿತದಲ್ಲಿ ಕೆಳಗಿನಿಂದ ಗಾಳಿ ತುಂಬಿಕೊಂಡು ಕೊಡೆಯಂತೆ ವರ್ತಿಸುತ್ತದೆ. ಗಾಳಿ ಹೊರಹೋಗಲು ಹಿಂಭಾಗದಲ್ಲಿ ರಂಧ್ರಗಳನ್ನು ಕೊರೆಯುವುದು, ನಿಯಮಾವಳಿ ಅನುಮತಿಸುವೆಡೆ, ಸಾಮಾನ್ಯ. ಗಾಳಿಯಲ್ಲಿರುವಾಗ ವೇಗ ಹೆಚ್ಚಿಸಿದರೆ ಚಕ್ರಗಳ ಸುತ್ತುವಿಕೆಗೆ ಪ್ರತಿಕ್ರಿಯೆಯಾಗಿ ವಾಹನದ ಮೂತಿ ಮೇಲೇಳುತ್ತದೆ. ಬ್ರೇಕ್ ಹಾಕಿದರೆ ಮೂತಿ ಇಳಿಯುತ್ತದೆ. ನಾಲ್ಕೂ ಚಕ್ರಗಳು ಇದರಲ್ಲಿ ಪಾಲ್ಗೊಳ್ಳುವುದರಿಂದ ಈ ಟ್ರಕ್‌ಗಳಲ್ಲಿ ಪರಿಣಾಮ ಪ್ರಬಲವಾಗಿರುತ್ತದೆ.

## ಹೊಂದಾಣಿಕೆಯ ಕ್ರಮ

ಮೊದಲು ತಯಾರಕರ ಕೈಪಿಡಿಯಲ್ಲಿರುವ ಮೂಲ ಅಳತೆಗಳಿಗೆ ಟ್ರಕ್ ಅನ್ನು ತರಬೇಕು. ಎಡ ಬಲ ಶಾಕ್‌ಗಳ ಉದ್ದ ಸಮನಾಗಿದೆಯೇ, ಬಾಗಿದ ತೋಳುಗಳಿವೆಯೇ, ಬೇರಿಂಗ್‌ಗಳು ಸಲೀಸಾಗಿ ತಿರುಗುತ್ತಿವೆಯೇ ಎಂದು ಪರೀಕ್ಷಿಸಬೇಕು. ಸವೆದ ಭಾಗದ ದೋಷವನ್ನು ಎಣ್ಣೆ ಬದಲಿಸಿ ಸರಿಪಡಿಸಲು ಹೊರಡುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ನಂತರ ಟೈರು, ಆಮೇಲೆ ಎತ್ತರ, ಸ್ಪ್ರಿಂಗ್ ಹಾಗೂ ಎಣ್ಣೆ, ಕೊನೆಗೆ ಕೋನಗಳ ಸೂಕ್ಷ್ಮ ಬದಲಾವಣೆ ಎಂಬ ಅನುಕ್ರಮ ಪ್ರಚಲಿತ. ಒಂದು ಬಾರಿಗೆ ಒಂದೇ ಅಂಶವನ್ನು ಬದಲಿಸಿ, ಅದರ ಪರಿಣಾಮವನ್ನು ಹಾಳೆಯಲ್ಲಿ ಬರೆದಿಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಸುಧಾರಣೆಯನ್ನು ಅತಿ ವೇಗದ ಒಂದು ಸುತ್ತಿನಿಂದ ಅಳೆಯದೆ ಇಡೀ ಓಟದ ಒಟ್ಟು ಸಮಯದಿಂದ ಅಳೆಯಬೇಕು. ಸುತ್ತಿಗೆ 25 ಸೆಕೆಂಡಿನಂತೆ ಓಡುವ ಟ್ರಕ್ 12 ಸುತ್ತುಗಳನ್ನು 300 ಸೆಕೆಂಡುಗಳಲ್ಲಿ ಮುಗಿಸುತ್ತದೆ. ಚುರುಕಾದ ಹೊಂದಾಣಿಕೆಯಿಂದ ಸುತ್ತಿಗೆ 24.5 ಸೆಕೆಂಡಿನಂತೆ ಓಡಿ, ಒಮ್ಮೆ ಪಲ್ಟಿಯಾಗಿ 8 ಸೆಕೆಂಡು ಕಳೆದುಕೊಂಡ ಟ್ರಕ್‌ಗೆ 302 ಸೆಕೆಂಡು ಬೇಕು. ಹನ್ನೆರಡು ಸುತ್ತುಗಳ ಲಾಭವೆಲ್ಲ ಒಂದೇ ಪಲ್ಟಿಯಲ್ಲಿ ಕರಗುತ್ತದೆ. ಆದ್ದರಿಂದ ಅನುಭವಿಗಳು ಸುಲಭವಾಗಿ ಓಡಿಸಬಲ್ಲ ಹೊಂದಾಣಿಕೆಯನ್ನೇ ಆರಿಸಿಕೊಳ್ಳುತ್ತಾರೆ.

### ಸಾಮಾನ್ಯ ತೊಂದರೆಗಳು ಮತ್ತು ಮೊದಲ ಪರಿಹಾರ

* ತಿರುವಿನಲ್ಲಿ ಮುಂಭಾಗ ಹೊರಕ್ಕೆ ಜಾರುವುದು: ಮುಂದಿನ ಸ್ಪ್ರಿಂಗ್ ಮೃದುಗೊಳಿಸುವುದು, ಮುಂದಿನ ಡಿಫರೆನ್ಷಿಯಲ್ ಎಣ್ಣೆ ತೆಳುಗೊಳಿಸುವುದು.
* ಹಿಂಭಾಗ ಹೊರಕ್ಕೆ ಜಾರುವುದು: ಹಿಂದಿನ ಸ್ಪ್ರಿಂಗ್ ಮೃದುಗೊಳಿಸುವುದು, ಹಿಂದಿನ ಸರಳನ್ನು ತೆಳುಗೊಳಿಸುವುದು, ಒಳ ಟೋ ಹೆಚ್ಚಿಸುವುದು.
* ತಿರುವಿನಲ್ಲಿ ಪಲ್ಟಿಯಾಗುವುದು: ಎತ್ತರ ತಗ್ಗಿಸುವುದು, ಹಿಡಿತ ಕಡಿಮೆಯಿರುವ ಮುಂದಿನ ಟೈರು ಬಳಸುವುದು.
* ಉಬ್ಬುಗಳಲ್ಲಿ ಕುಪ್ಪಳಿಸುವುದು: ಶಾಕ್ ಎಣ್ಣೆ ತೆಳುಗೊಳಿಸುವುದು, ಸರಳು ತೆಗೆಯುವುದು.
* ಜಿಗಿತದ ನಂತರ ತಳ ಬಡಿಯುವುದು: ಶಾಕ್ ಎಣ್ಣೆ ದಪ್ಪಗೊಳಿಸುವುದು, ಎತ್ತರ ಹೆಚ್ಚಿಸುವುದು.

## ಮಲೆನಾಡಿನ ನೆಲ ಮತ್ತು ಹವೆ

ಹೊರಾಂಗಣದಲ್ಲಿ ಹೊಂದಾಣಿಕೆಯು ಪ್ರದೇಶದಿಂದ ಪ್ರದೇಶಕ್ಕೆ ಎಷ್ಟು ಬದಲಾಗಬೇಕಾಗುತ್ತದೆ ಎಂಬುದಕ್ಕೆ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಉತ್ತಮ ನಿದರ್ಶನ. ಭದ್ರಾ ನದಿಯ ದಡದಲ್ಲಿರುವ, 1925ರಿಂದ ಕಾಫಿ ಸಂಶೋಧನಾ ಕೇಂದ್ರವನ್ನು ಹೊಂದಿರುವ ಬಾಳೆಹೊನ್ನೂರು, ಹಾಗೂ ಸುತ್ತಲಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಪ್ರದೇಶಗಳಲ್ಲಿ ಕೆಂಪು ಜಂಬಿಟ್ಟಿಗೆ ಮಣ್ಣು ಸಾಮಾನ್ಯ. ಈ ಮಣ್ಣು ಬೇಸಿಗೆಯಲ್ಲಿ ಗಟ್ಟಿ ನೆಲದ ಮೇಲೆ ನುಣ್ಣನೆಯ ಧೂಳಾಗಿ ಹರಡುತ್ತದೆ, ಸಣ್ಣ ಹರಳುಗಳು ಚಕ್ರದಡಿ ಉರುಳುತ್ತವೆ. ಇಲ್ಲಿ ಮಧ್ಯಮ ಉದ್ದದ ಮುಳ್ಳಿನ ಟೈರು, ಮೃದು ಸ್ಪ್ರಿಂಗ್, ತುಸು ಹೆಚ್ಚಿನ ಹಿಂದಿನ ಒಳ ಟೋ ಸಹಾಯಕ. ಮಾರ್ಚ್–ಏಪ್ರಿಲ್‌ನ ಹೂಮಳೆ ಬಿದ್ದ ಮರುದಿನ ಅದೇ ನೆಲ ಧೂಳು ಅಡಗಿ ಹಿಡಿತ ಕೊಡುತ್ತದೆ. ಆಗ ಹಿಂದಿನ ದಿನದ ಹೊಂದಾಣಿಕೆಯಲ್ಲಿ ಟ್ರಕ್ ಪಲ್ಟಿಯಾಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಕೆಸರು ಟೈರಿನ ಮುಳ್ಳುಗಳ ನಡುವೆ ತುಂಬಿಕೊಂಡು ಟೈರು ನುಣುಪಾಗುತ್ತದೆ. ಅಂತರ ಹೆಚ್ಚಿರುವ ಮುಳ್ಳುಗಳು ಮಾತ್ರ ಕೆಸರನ್ನು ಕೊಡವಿಕೊಳ್ಳುತ್ತವೆ.

ಕೊಯ್ಲಾದ ಗದ್ದೆಯಲ್ಲಿ ಕೂಳೆ ಮತ್ತು ಬಿರುಕುಗಳಿರುವುದರಿಂದ ನೆಲದಿಂದ ಎತ್ತರ ಹೆಚ್ಚಿರಬೇಕು. ಕಾಫಿ ಒಣಗಿಸುವ ಸಿಮೆಂಟ್ ಕಣ ನುಣುಪಾಗಿದ್ದು ಗಟ್ಟಿ ಸ್ಪ್ರಿಂಗ್, ಕಡಿಮೆ ಎತ್ತರ ಬೇಡುತ್ತದೆ. ಆದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಕೊಯ್ಲಿನ ಕಾಲದಲ್ಲಿ ಕಣ ಬಿಡುವಾಗಿರುವುದಿಲ್ಲ. ಮಳೆಗಾಲದ ತೇವಕ್ಕೆ ಬೇರಿಂಗ್, ಸ್ಕ್ರೂಗಳು ಬೇಗ ತುಕ್ಕು ಹಿಡಿಯುವುದರಿಂದ ಓಟದ ನಂತರ ಒರೆಸಿ, ಒಣಗಿಸಿ, ಎಣ್ಣೆ ಹಾಕುವುದು ಹೊಂದಾಣಿಕೆಯಷ್ಟೇ ಮುಖ್ಯ.

## ನೈಜ ರ‍್ಯಾಲಿ ಕಾರುಗಳೊಂದಿಗೆ ಹೋಲಿಕೆ

ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ಮಣ್ಣುರಸ್ತೆಗಳು ರ‍್ಯಾಲಿ ಕ್ರೀಡೆಗೆ ಹೆಸರಾಗಿವೆ. ಏಷ್ಯಾ–ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಚಿಕ್ಕಮಗಳೂರಿನಲ್ಲಿ ನಡೆದಿದೆ. 2013, 2016 ಮತ್ತು 2017ರಲ್ಲಿ ಈ ಚಾಂಪಿಯನ್‌ಷಿಪ್ ಗೆದ್ದ ಗೌರವ್ ಗಿಲ್ ಅವರು ಕೊನೆಯ ಎರಡು ಬಾರಿ ಸ್ಕೋಡಾ ಫಾಬಿಯಾ ಆರ್5 ಎಂಬ ನಾಲ್ಕು ಚಕ್ರ ಚಾಲನೆಯ ಕಾರನ್ನು ಓಡಿಸಿದ್ದರು. 2019ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಲಭಿಸಿತು.

ಆರ್5 ವರ್ಗದ ಕಾರುಗಳಲ್ಲಿ 1.6 ಲೀಟರ್ ಟರ್ಬೊ ಎಂಜಿನ್ ಇರುತ್ತದೆ, ಕನಿಷ್ಠ ತೂಕ 1230 ಕಿಲೋಗ್ರಾಂ. ಈ ವರ್ಗದಲ್ಲಿ ಮಧ್ಯದ ಡಿಫರೆನ್ಷಿಯಲ್ ಇರುವುದಿಲ್ಲ, ಮುಂದಿನ ಮತ್ತು ಹಿಂದಿನ ಅಚ್ಚುಗಳು ನೇರವಾಗಿ ಜೋಡಿಸಲ್ಪಟ್ಟಿರುತ್ತವೆ. ಮಧ್ಯದಲ್ಲಿ ಜಾರುವ ಕ್ಲಚ್ ಮಾತ್ರವಿರುವ ರೇಡಿಯೊ ಟ್ರಕ್‌ನ ರಚನೆ ಇದಕ್ಕೆ ಹತ್ತಿರವಾದುದು. ಎರಡರಲ್ಲೂ ಸಡಿಲ ನೆಲದಲ್ಲಿ ಮುಂಚಕ್ರ ಹಿಂಚಕ್ರಗಳ ವ್ಯತ್ಯಾಸವು ಟೈರಿನ ಜಾರುವಿಕೆಯಲ್ಲಿ ಕರಗಿಹೋಗುತ್ತದೆ, ಹಿಡಿತ ಹೆಚ್ಚಿರುವ ನೆಲದಲ್ಲಿ ವಾಹನ ತಿರುಗಲು ಹಟ ಮಾಡುತ್ತದೆ. ಮಣ್ಣುರಸ್ತೆಗೆ ಹೆಚ್ಚಿನ ಎತ್ತರ, ಮೃದು ಸ್ಪ್ರಿಂಗ್, ತೆಳು ಸರಳು ಎಂಬ ಸೂತ್ರವೂ ಎರಡಕ್ಕೂ ಸಮಾನ. ಮುಖ್ಯ ವ್ಯತ್ಯಾಸ ಚಾಲಕನ ಸ್ಥಾನದಲ್ಲಿದೆ. ರ‍್ಯಾಲಿ ಚಾಲಕನಿಗೆ ಕಾರಿನ ಜಾರುವಿಕೆ ಆಸನದ ಮೂಲಕ ಅರಿವಾಗುತ್ತದೆ. ರೇಡಿಯೊ ಟ್ರಕ್‌ನ ಚಾಲಕ ದೂರದಲ್ಲಿ ನಿಂತು ಕಣ್ಣಿನಿಂದ ಮಾತ್ರ ಅದನ್ನು ಗ್ರಹಿಸಬೇಕು.

## ಸುರಕ್ಷತೆ

3 ಕಿಲೋಗ್ರಾಂ ತೂಕದ ಟ್ರಕ್ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡುವಾಗ ಅದರ ಚಲನಶಕ್ತಿ ಸುಮಾರು 290 ಜೂಲ್. ಇದು ಅಷ್ಟೇ ತೂಕದ ವಸ್ತು ಸುಮಾರು 10 ಮೀಟರ್ ಎತ್ತರದಿಂದ ಬಿದ್ದಾಗ ಪಡೆಯುವ ಶಕ್ತಿಗೆ ಸಮ. ಮಗುವಿನ ಕಾಲಿಗೆ ಬಡಿದರೆ ಮೂಳೆ ಮುರಿಯಬಹುದು. ಆದ್ದರಿಂದ ಜನರಿಗೂ ಜಾನುವಾರುಗಳಿಗೂ ತಡೆಬೇಲಿಯಿಲ್ಲದ ಕಡೆ, ಸಾರ್ವಜನಿಕ ರಸ್ತೆಯಲ್ಲಿ ಇದನ್ನು ಓಡಿಸಬಾರದು. ಮೊದಲು ನಿಯಂತ್ರಕವನ್ನು, ನಂತರ ಟ್ರಕ್ ಅನ್ನು ಚಾಲೂ ಮಾಡಬೇಕು. ನಿಲ್ಲಿಸುವಾಗ ಕ್ರಮ ಇದಕ್ಕೆ ವಿರುದ್ಧ. ಹೀಗೆ ಮಾಡದಿದ್ದರೆ ಸಂಕೇತವಿಲ್ಲದ ಟ್ರಕ್ ತಾನಾಗಿ ಓಡುವ ಸಂಭವವಿದೆ.

ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಕೋಶದ ಸಾಮಾನ್ಯ ವಿದ್ಯುದ್ವಿಭವ 3.7 ವೋಲ್ಟ್, ಪೂರ್ಣ ತುಂಬಿದಾಗ 4.2 ವೋಲ್ಟ್. 3 ವೋಲ್ಟ್‌ಗಿಂತ ಕೆಳಕ್ಕೆ ಇಳಿದರೆ ಕೋಶ ಹಾಳಾಗುತ್ತದೆ. 4.2 ಮೀರಿ ತುಂಬಿಸಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಪ್ರತಿ ಕೋಶವನ್ನೂ ಸಮತೋಲನಗೊಳಿಸುವ ಚಾರ್ಜರ್ ಬಳಸುವುದು, ಚಾರ್ಜ್ ಆಗುವಾಗ ಬಳಿಯಲ್ಲೇ ಇರುವುದು, ಬಹುದಿನ ಇಡುವಾಗ ಕೋಶಕ್ಕೆ 3.8 ವೋಲ್ಟ್‌ನಷ್ಟು ಉಳಿಸುವುದು ಅಗತ್ಯ. ಪಲ್ಟಿಯಾದ ನಂತರ ಉಬ್ಬಿದ ಅಥವಾ ಜಜ್ಜಿಹೋದ ಬ್ಯಾಟರಿಯನ್ನು ಮತ್ತೆ ಬಳಸಬಾರದು.

## ಇವನ್ನೂ ನೋಡಿ

* ಡಿಫರೆನ್ಷಿಯಲ್
* ಶಾಕ್ ಅಬ್ಸಾರ್ಬರ್
* ಸ್ನಿಗ್ಧತೆ
* ಲಿಥಿಯಂ ಪಾಲಿಮರ್ ಬ್ಯಾಟರಿ
* ಬಾಳೆಹೊನ್ನೂರು